ಮೇ ತಿಂಗಳ ಪ್ರಾಜೆಕ್ಟು, ಜೂನ್ ತಿಂಗಳ ಉಪ್ಪಾಗೆ: ನನ್ನ ಅನುಭವ

ಶಿರಸಿಯಲ್ಲಿ ನಮ್ಮದೊಂದು ಫ್ಯಾಬ್ರಿಕೇಶನ್ ವರ್ಕ್‌ಶಾಪ್ ಇದೆ. ಅಡಿಕೆ ಬೇಯಿಸುವ ಒಲೆ, ಸುಲಿಯುವ ಯಂತ್ರ, ಡ್ರೈಯರ್ ರಿಪೇರಿ, ಇದೇ ನಮ್ಮ ಅನ್ನ. ಕರಾವಳಿಯ ಒಂದು ಇಂಜಿನಿಯರಿಂಗ್ ಕಾಲೇಜಿನ ಜೊತೆ ಸೇರಿ ಉಪ್ಪಾಗೆ (ಸಿಪ್ಪೆ ಒಣಗಿಸಿ ಮಾರುವ ಹುಳಿ ಹಣ್ಣು) ಡ್ರೈಯರ್ ಮಾಡುತ್ತೇನೆ ಎಂದಾಗ ನಮ್ಮ ಲೈನಿನವರು ಹೇಳಿದ್ದು ಒಂದೇ ಮಾತು: "ಆ ಹುಡುಗರಿಗೆ ಬೇಕಾದ್ದು ಮಾರ್ಕ್ಸು, ನಿನಗೆ ಬೇಕಾದ್ದು ಮೆಷಿನ್ನು. ಎರಡೂ ಕೂಡೂದಿಲ್ಲ ಮಾರಾಯ." ಕೂಡಿತು. ಕಳೆದ ಮಳೆಗಾಲ ಪೂರ್ತಿ ನಮ್ಮ ಡ್ರೈಯರ್ ಓಡಿದೆ. ಹೇಗೆ ಮಾಡಿದಿರಿ ಎಂದು ಕೇಳುವವರು ಜಾಸ್ತಿ ಆಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ತೊಡಕು ಇದ್ದದ್ದು ಕ್ಯಾಲೆಂಡರಿನಲ್ಲಿ. ಕೊನೆ ವರ್ಷದ ಪ್ರಾಜೆಕ್ಟು ಮೇ ಹೊತ್ತಿಗೆ ಮುಗಿಯುತ್ತದೆ. ಉಪ್ಪಾಗೆ ಹಣ್ಣಾಗುವುದು ಮಳೆ ಹಿಡಿದ ಮೇಲೆ, ಜೂನ್‌ನಿಂದ ಆಗಸ್ಟ್‌ವರೆಗೆ. ಮೆಷಿನ್ ರೆಡಿಯಾದಾಗ ಹಣ್ಣಿಲ್ಲ, ಹಣ್ಣು ಬಂದಾಗ ಹುಡುಗರಿಲ್ಲ. ಮೊದಲಿನ ಬ್ಯಾಚಿನವರು ಏಪ್ರಿಲ್‌ನಲ್ಲಿ ಹಲಸಿನ ಹಪ್ಪಳ ಹಾಕಿ ಟೆಸ್ಟ್ ಮಾಡಿ, ಫೋಟೋ ತೆಗೆದು, ವರದಿ ಬೈಂಡ್ ಮಾಡಿಸಿಕೊಂಡು ಹೋದರು. ಬೇಸಿಗೆಯ ಗಾಳಿಯಲ್ಲಿ ಎಂಥ ಡ್ರೈಯರೂ ಓಡುತ್ತದೆ ಅಲ್ವಾ? ಜುಲೈನಲ್ಲಿ ಗಾಳಿಯ ತೇವ ಶೇ. 90 ದಾಟಿರುತ್ತದೆ. ಬಂಡಲ, ನಿಲ್ಕುಂದದ ಕಡೆ ಹಾಕಿಕೊಳ್ಳುವ ಬಟ್ಟೆಯೇ ಒಣಗುವುದಿಲ್ಲ.

ಅದಕ್ಕೆ ನಾನು ಕೊನೆ ವರ್ಷದವರನ್ನು ಬಿಟ್ಟು ಮೂರನೇ ವರ್ಷ ಮುಗಿಸಿದವರನ್ನು ಕೇಳಿದೆ. ಅವರ ಇಂಟರ್ನ್‌ಶಿಪ್ಪನ್ನು ಮಳೆಗಾಲಕ್ಕೇ ಕೂರಿಸಿದೆವು. ದೇವಿಮನೆ ಘಟ್ಟ ಹತ್ತಿ ಬಂದು, ಹಳ್ಳಿಯ ಮನೆಗಳಲ್ಲೇ ಉಳಿದು, ಒಲೆಯ ಮೇಲಿನ ಹೊಗೆ ಅಟ್ಟದಲ್ಲಿ ಈಗ ಹೇಗೆ ಒಣಗಿಸುತ್ತಾರೆ ಎಂದು ಅಳೆದರು. ಕಟ್ಟಿಗೆ ತೂಗಿದರು, ಸಿಪ್ಪೆ ತೂಗಿದರು. ಆಮೇಲೆ ಒಂದು ವರ್ಷ ಡಿಸೈನು, ತಯಾರಿ. ಅವರು ಪಾಸಾಗಿ ಹೋಗುವ ಮೊದಲು ಜೂನಿಯರ್ ಇಬ್ಬರು ಅವರ ಜೊತೆಗೇ ಕೆಲಸ ಮಾಡಿರಬೇಕು, ಮುಂದಿನ ಜೂನ್‌ನಲ್ಲಿ ಮೆಷಿನ್ ಓಡಿಸುವವರು ಆ ಜೂನಿಯರುಗಳು. ವಿಭಾಗದ ಮುಖ್ಯಸ್ಥರು ಮೊದಲು ಒಪ್ಪಲಿಲ್ಲ. ಮಾರ್ಕ್ಸ್ ಎರಡು ಬ್ಯಾಚಿಗೆ ಹೇಗೆ ಹಂಚುವುದು ಎಂದರು. ಅಳತೆ ಒಂದು ಪ್ರಾಜೆಕ್ಟು, ಫೀಲ್ಡ್ ಟ್ರಯಲ್ ಇನ್ನೊಂದು ಪ್ರಾಜೆಕ್ಟು ಎಂದು ಬರೆದುಕೊಟ್ಟ ಮೇಲೆ ಸಹಿ ಬಿತ್ತು.

ಇನ್ನು ದುಡ್ಡು. ಇದಕ್ಕೂ ಮುಂಚೆ ಬೇರೊಂದು ಕಾಲೇಜಿಗೆ ಕೆಲಸ ಮಾಡಿಕೊಟ್ಟು ಬಿಲ್ಲಿಗಾಗಿ ವರ್ಷದ ಮೇಲೆ ಕಾದಿದ್ದೇನೆ. ಮೂರು ಕೊಟೇಶನ್ ತರಿಸಿ ಅವರು ಫೈಲ್ ಓಡಿಸುವಷ್ಟರಲ್ಲಿ ಶೀಟಿನ ರೇಟೇ ಬದಲಾಗಿತ್ತು. ಹಾಗಾಗಿ ಈ ಸಲ ದುಡ್ಡು ಅತ್ತಿಂದಿತ್ತ ಹೋಗದ ಹಾಗೆ ಮಾಡಿದೆವು. ಸೆನ್ಸರ್, ಡೇಟಾ ಲಾಗರ್, ತೂಕದ ಯಂತ್ರ ಕಾಲೇಜಿನ ಖರ್ಚು, ಅವು ಅವರ ಲ್ಯಾಬಿಗೇ ಉಳಿಯುತ್ತವೆ. ಕೆಎಸ್‌ಸಿಎಸ್‌ಟಿ, ಅಂದ್ರೆ ರಾಜ್ಯದ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿದ್ಯಾರ್ಥಿ ಪ್ರಾಜೆಕ್ಟ್ ಯೋಜನೆಯಿಂದ ಬಂದ ಕೆಲವು ಸಾವಿರ ಇದಕ್ಕೇ ಹೋಯಿತು. ಶೀಟು, ವೆಲ್ಡಿಂಗ್, ಕೂಲಿ ನನ್ನದು, ಒಂದೂಕಾಲು ಲಕ್ಷದ ಆಸುಪಾಸು. ಸಿಪ್ಪೆ ಖರೀದಿ ಮಾಡುವ ವ್ಯಾಪಾರಿ ಒಣಗಿಸಿದ ಕೆಜಿಗೆ ಇಷ್ಟು ಎಂದು ನನಗೆ ಕೊಟ್ಟರು. ಮೊದಲ ಸೀಸನ್‌ನಲ್ಲಿ ಅದರಿಂದ ಬಂದದ್ದು 20 ಸಾವಿರವೂ ಇಲ್ಲ. ಎರಡನೇ ಸೀಸನ್‌ನಲ್ಲಿ ಹಾಕಿದ್ದು ಹೆಚ್ಚುಕಡಿಮೆ ವಾಪಸ್ ಬಂತು.

ಮೊದಲ ಸೀಸನ್ ಕೆಟ್ಟದ್ದು ಟ್ರೇಯಿಂದ. ಉಪ್ಪಾಗೆಯ ಹುಳಿ ಎಂಥದ್ದು ಎಂದು ನಿಮಗೆಲ್ಲ ಗೊತ್ತು. ಮಾರುಕಟ್ಟೆಯಲ್ಲಿ ಸಿಗುವ ಡ್ರೈಯರುಗಳ ಹಾಗೆ ಜಿಐ (ಸತು ಲೇಪಿಸಿದ ಕಬ್ಬಿಣ) ಜಾಳಿಗೆ ಹಾಕಿದ್ದೆವು. ವಾರದಲ್ಲಿ ಸತು ಕಿತ್ತು, ಸಿಪ್ಪೆಗೆ ಕರಿ ಕಲೆ ಹತ್ತಿ, ಎರಡು ಮೂಟೆ ವಾಪಸ್ ಬಂತು. ಎಲ್ಲ ಕಡೆ 304 ಗ್ರೇಡಿನ ಸ್ಟೇನ್‌ಲೆಸ್ ಹಾಕಿದರೆ ರೈತ ಕೊಳ್ಳುವ ರೇಟಿಗೆ ಬರುವುದಿಲ್ಲ. ಕೊನೆಗೆ ಫ್ರೇಮ್ ಮಾತ್ರ ಸ್ಟೇನ್‌ಲೆಸ್, ತಳಕ್ಕೆ ಅಡಿಕೆ ಮರ ಸೀಳಿದ ದಬ್ಬೆಯ ಪಟ್ಟಿ. ದಬ್ಬೆಗೆ ಹುಳಿಯ ಹೆದರಿಕೆ ಇಲ್ಲ, ಹಾಳಾದರೆ ಮನೆಯಲ್ಲೇ ಸೀಳಿ ಹಾಕಿಕೊಳ್ಳಬಹುದು.

ಎರಡನೆಯದು ಶಾಖ. ಬೇಗ ಒಣಗಲಿ ಎಂದು ಹುಡುಗರ ಲೆಕ್ಕದ ಪ್ರಕಾರ 80 ಡಿಗ್ರಿ ಇಟ್ಟಿತ್ತು. ಮೀಟರಿನ ಪ್ರಕಾರ ಒಣಗಿಯೂ ಆಗಿತ್ತು. ಟ್ರಯಲ್ ನಡೆದ ಮನೆಯ ಅಮ್ಮ ಒಂದು ಸಿಪ್ಪೆ ತೆಗೆದುಕೊಂಡು ಬಗ್ಗಿಸಿದರು, ಸೀಳಿದರು, ಒಳಮೈಗೆ ಉಗುರು ಒತ್ತಿದರು. ಸಣ್ಣಗೆ ನೀರು ಜಿನುಗಿತು. "ಒಳಗೆ ಇನ್ನೂ ಹಸಿ ಇದ್ದು ತಂಗಿ, ಮೂಟೆ ಕಟ್ಟಿರೆ ಬೂಸ್ಟು ಬತ್ತು" ಎಂದರು, ಅಂದ್ರೆ ಬೂಸ್ಟು ಬರುತ್ತದೆ. ಹೊರಮೈ ಗಟ್ಟಿಯಾಗಿ ಕೂತು ಒಳಗಿನ ನೀರಿಗೆ ದಾರಿಯೇ ಇರಲಿಲ್ಲ. ತಂಡದಲ್ಲಿದ್ದ ಹುಡುಗಿ ಅಲ್ಲೇ ಕೂತು ಲಾಗರ್ ಬದಿಗಿಟ್ಟು ಪುಸ್ತಕದಲ್ಲಿ "ಉಗುರು ಟೆಸ್ಟ್" ಎಂದು ಒಂದು ಕಾಲಂ ಹಾಕಿದಳು. ಈಗ 60ರ ಹತ್ತಿರ ಇಡುತ್ತೇವೆ, ನಡುವೆ ಬೆಂಕಿ ತಗ್ಗಿಸಿ ಸಿಪ್ಪೆಗೆ ಬಿಡುವು ಕೊಡುತ್ತೇವೆ. ಎಷ್ಟು ಹೊತ್ತಿಗೆ, ಎಷ್ಟು ಸಲ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಗಾಳಿ ತಿರುಗಿಸುವ ತಟ್ಟೆಯ ಓರೆಯನ್ನೂ ಅಷ್ಟೇ. ಅದಕ್ಕೆ ಎರಡು ಮಳೆಗಾಲ ಖರ್ಚಾಗಿದೆ.

ಅಟ್ಟದಲ್ಲಿ ಒಂದು ಕೆಜಿ ಒಣ ಸಿಪ್ಪೆಗೆ 10 ಕೆಜಿಯ ಮೇಲೆ ಕಟ್ಟಿಗೆ ಉರಿಯುತ್ತಿತ್ತು. ನಮ್ಮದರಲ್ಲಿ ಮೂರೂವರೆ ಒಳಗೆ. ಫ್ಯಾನ್ ಇದೆ, ಆದರೆ ಮಳೆಗಾಲದ ಕರೆಂಟು ನಂಬಿ ಕೂರುವ ಹಾಗಿಲ್ಲವಲ್ಲ. ಫ್ಯಾನ್ ನಿಂತರೂ ಚಿಮಣಿಯೇ ಗಾಳಿ ಎಳೆಯುವಷ್ಟು ಎತ್ತರ ಕೊಟ್ಟಿದ್ದೇನೆ. ಇದು ಪೂರ್ತಿ ನನ್ನ ಕೆಲಸ, ಕಾಲೇಜಿನವರೂ ಒಪ್ಪಿದ್ದಾರೆ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಅಡಿಕೆ ಸಿಪ್ಪೆ ಉರಿಸಿ ನೋಡಿದೆವು. ಭಗ್ಗನೆ ಹತ್ತಿ ಭಗ್ಗನೆ ಆರುತ್ತದೆ, ರಾತ್ರಿಯೆಲ್ಲ ಒಬ್ಬರು ತುರುಕುತ್ತಾ ಕೂರಬೇಕು. ಬಿಟ್ಟೆವು. ಉಪ್ಪಾಗೆ ಬೀಜವನ್ನು ಮೇಲಿನ ಟ್ರೇಯಲ್ಲಿ ಒಣಗಿಸಿದ್ದು ಚೆನ್ನಾಗಿ ಬಂತು, ಆ ಬೀಜದ ಕೊಬ್ಬಿನಿಂದ ಉಪ್ಪಾಗೆ ತುಪ್ಪ ಮಾಡುವ ಮನೆಯವರು ಈಗ ಬೀಜ ತಂದು ಕೊಡುತ್ತಾರೆ. ಇನ್ನೊಂದು ವಿಷಯ ವ್ಯಾಪಾರಿ ಹೇಳಿದ ಮೇಲೆ ಗೊತ್ತಾಯಿತು. ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ತೆಗೆಯುವ ಕಂಪನಿಗಳಿಗೆ ಹೊಗೆ ಹಿಡಿಯದ ಸಿಪ್ಪೆ ಬೇಕು. ಕೇರಳದಲ್ಲಿ ಮೀನಿನ ಸಾರಿಗೆ ಹಾಕುವವರಿಗೆ ಹೊಗೆ ಹಿಡಿದ ಕಪ್ಪು ಸಿಪ್ಪೆಯೇ ಬೇಕು. ಒಂದೇ ಡ್ರೈಯರಿನಲ್ಲಿ ಎರಡೂ ಆಗುವ ಹಾಗೆ ಹೊಗೆಗೆ ಬೇರೆ ಬಾಗಿಲು ಇಟ್ಟು ನೋಡುತ್ತಿದ್ದೇನೆ.

ಕಾಲೇಜಿನ ಸಂಶೋಧನೆ ಹಳ್ಳಿಗೆ ಬರುವುದೇ ಇಲ್ಲ ಎನ್ನುವವರಿಗೆ ನಾನು ಕಟ್ಟಿಗೆ ಉಳಿಸುವ ಅಸ್ತ್ರ ಒಲೆ ತೋರಿಸುತ್ತೇನೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶುರುವಾದ ಅಸ್ತ್ರ ಕೇಂದ್ರದ್ದೇ ಅಲ್ವಾ ಅದು?

ಒಪ್ಪಂದದ ಬಗ್ಗೆ ಎರಡು ಮಾತು. ನಮ್ಮದು ಕನ್ನಡದಲ್ಲೇ ಬರೆದ ಒಂದು ಪುಟ. ಯಾರ ಸಾಮಾನು ಯಾರಿಗೆ ಉಳಿಯುತ್ತದೆ, ಯಾರು ಮಾರಬಹುದು, ವರದಿಯಲ್ಲಿ ಏನು ಬರೆಯಬಾರದು, ಇಷ್ಟೇ. ಪೇಟೆಂಟ್ ಯೋಚನೆ ಇದ್ದರೆ ಕಾಲೇಜಿನ ಪ್ರಾಜೆಕ್ಟ್ ಪ್ರದರ್ಶನಕ್ಕೆ ಮುಂಚೆಯೇ ಪ್ರಾವಿಷನಲ್ (ತಾತ್ಕಾಲಿಕ) ಅರ್ಜಿ ಹಾಕಿ. ಹತ್ತು ಜನರ ಮುಂದೆ ಒಳಗೆಲ್ಲ ಬಿಚ್ಚಿ ತೋರಿಸಿದ ಮೇಲೆ ಅದು ಹೊಸದು ಎಂದು ವಾದಿಸುವುದು ಕಷ್ಟ. ಅರ್ಜಿ ಹಾಕಿದ ಮೇಲೆ ಪೂರ್ತಿ ವಿವರ ಕೊಡಲು 12 ತಿಂಗಳು ಇರುತ್ತದೆ, ಅಂದ್ರೆ ಒಂದು ಮಳೆಗಾಲ ಪೂರ್ತಿ ಟ್ರಯಲ್‌ಗೆ ಸಿಗುತ್ತದೆ. ಶಿಕ್ಷಣ ಸಂಸ್ಥೆಗಳಿಗೆ ಫೀಸಿನಲ್ಲಿ 2021ರಿಂದ ಶೇ. 80ರಷ್ಟು ರಿಯಾಯಿತಿ ಇದೆ. ಹಾಗಾಗಿ ಅರ್ಜಿದಾರರು ಯಾರು ಎಂಬುದನ್ನು ಕಾಲೇಜಿನ ಜೊತೆ ಮೊದಲೇ ಕೂತು ಮಾತಾಡಿಕೊಳ್ಳಿ.

ಈ ವರ್ಷ ಇನ್ನೂ ಮೂರು ಡ್ರೈಯರಿಗೆ ಅಡ್ವಾನ್ಸ್ ಬಂದಿದೆ. ಒಂದರ ರೇಟು 95 ಸಾವಿರದ ಹತ್ತಿರ ನಿಲ್ಲಿಸಿದ್ದೇನೆ, ಸ್ಟೇನ್‌ಲೆಸ್ ಇಳಿದರೆ ಇನ್ನೂ ಕಡಿಮೆ ಮಾಡಬಹುದು. ಜೂನಿಯರ್ ಹುಡುಗರು ಮೇ ಕೊನೆಗೆ ಬರುತ್ತಾರೆ.