ಮೂವತ್ತು ಸೊಸೈಟಿಗೆ ಒಂದೇ ವಾರ್ ಫೈಲ್: ಡೇಟಾಬೇಸ್ ಕನೆಕ್ಷನ್ ಎಕ್ಸ್‌ಎಂಎಲ್‌ಗೆ ಹಾಕಿದ ನನ್ನ ಅನುಭವ

ಒಂದೇ ಟಾಮ್‌ಕ್ಯಾಟ್‌ನಲ್ಲಿ (ಜಾವಾ ವೆಬ್ ಪ್ರೋಗ್ರಾಂ ನಡೆಸುವ ಸರ್ವರ್ ಸಾಫ್ಟ್‌ವೇರ್) ಒಂದೇ ವಾರ್ ಫೈಲ್ (ಇಡೀ ಪ್ರೋಗ್ರಾಂ ಕಟ್ಟಿಟ್ಟ ಪೊಟ್ಟಣ) ಇಟ್ಟು, ಸೊಸೈಟಿಗೊಂದು ಎಕ್ಸ್‌ಎಂಎಲ್ ಸೆಟ್ಟಿಂಗ್ ಫೈಲ್ ಬರೆದು, ಸುಮಾರು 30 ಹಾಲಿನ ಸೊಸೈಟಿಗಳ ಲೆಕ್ಕ ನಡೆಸುತ್ತೇನೆ ಅಂದಾಗ ನಮ್ಮ ಫೀಲ್ಡಿನವರೇ ನಂಬಲಿಲ್ಲ. "ಎಕ್ಸ್‌ಎಂಎಲ್ ಹಳೇದಾಯ್ತು, ಸೊಸೈಟಿಗೊಂದು ಸರ್ವರ್ ತಗೊಳ್ಳಿ ಸಾರ್" ಅಂದರು. ಅದಕ್ಕೆ ಬಂದ ಕೊಟೇಶನ್ ವರ್ಷಕ್ಕೆ ಒಂದೂವರೆ ಲಕ್ಷದ ಆಸುಪಾಸು. ಈಗ ತಿಂಗಳಿಗೆ 3,000 ಚಿಲ್ಲರೆ ಬಾಡಿಗೆಯ ಒಂದೇ ಸರ್ವರ್‌ನಲ್ಲಿ ಎಲ್ಲಾ ನಡೆಯುತ್ತಿದೆ.

ನನ್ನ ಕೈಗೆ ಬಂದ ಹಳೇ ಪ್ರೋಗ್ರಾಂನಲ್ಲಿ ಡೇಟಾಬೇಸಿನ ಯೂಆರ್‌ಎಲ್ (ವಿಳಾಸ), ಪಾಸ್‌ವರ್ಡ್ ಎಲ್ಲಾ ಜಾವಾ ಕೋಡಿನ ಒಳಗೇ ಇದ್ದವು. ಇಡೀ ಪ್ರೋಗ್ರಾಂಗೆ ಒಂದೇ ಸ್ಟಾಟಿಕ್ ಕನೆಕ್ಷನ್, ಒಮ್ಮೆ ತೆರೆದರೆ ಅದನ್ನೇ ಎಲ್ಲರೂ ಬಳಸುವುದು. ಸಂಜೆ ಹಾಲು ಹಾಕಿಸಿಕೊಳ್ಳುವುದು ಏಳೂವರೆಗೆ ಮುಗಿದರೆ ಮತ್ತೆ ಶುರುವಾಗುವುದು ಬೆಳಗ್ಗೆ ಐದೂವರೆಗೆ. ನಡುವೆ ಹತ್ತು ಗಂಟೆ. ನಮ್ಮ ಡೇಟಾಬೇಸ್ ಮೈಎಸ್‌ಕ್ಯೂಎಲ್‌ನ ವೇಟ್ ಟೈಮ್‌ಔಟ್ 28,800 ಸೆಕೆಂಡು, ಅಂದರೆ ಎಂಟು ಗಂಟೆ ಸುಮ್ಮನಿದ್ದ ಕನೆಕ್ಷನ್ನನ್ನು ಅದೇ ಕತ್ತರಿಸುತ್ತದೆ. ದಿನಾ ಬೆಳಗ್ಗೆ ಮೊದಲ ಕ್ಯಾನ್ ತೂಗುವಾಗಲೇ ಎರರ್. ಕ್ಯೂನಲ್ಲಿದ್ದವರು ಸೆಕ್ರೆಟರಿಗೆ ಬೈಯುತ್ತಿದ್ದರು, ಸೆಕ್ರೆಟರಿ ನನಗೆ ಫೋನ್ ಮಾಡುತ್ತಿದ್ದರು.

ವಾರ್ ಫೈಲನ್ನು ವೆಬ್‌ಆ್ಯಪ್ಸ್ ಫೋಲ್ಡರಿನಿಂದ ಹೊರಗಿಟ್ಟೆ. ಕಾನ್ಫ್ ಒಳಗಿನ ಕ್ಯಾಟಲೀನಾ, ಲೋಕಲ್‌ಹೋಸ್ಟ್ ಫೋಲ್ಡರಿನಲ್ಲಿ ಸೊಸೈಟಿಗೊಂದು ಎಕ್ಸ್‌ಎಂಎಲ್. ಎಲ್ಲದರ ಡಾಕ್‌ಬೇಸ್ (ಪ್ರೋಗ್ರಾಂ ಇರುವ ಜಾಗ) ಅದೇ ವಾರ್, ರಿಸೋರ್ಸ್ (ಕೋಡು ಕನೆಕ್ಷನ್ ಕೇಳುವ) ಹೆಸರೂ ಅದೇ. ಬದಲಾಗುವುದು ಡೇಟಾಬೇಸ್, ಯೂಸರ್, ಪಾಸ್‌ವರ್ಡ್ ಮಾತ್ರ. ಮೈಎಸ್‌ಕ್ಯೂಎಲ್ ಜೊತೆ ಮಾತಾಡುವ ಡ್ರೈವರ್ ಜಾರ್ ಫೈಲ್ ಟಾಮ್‌ಕ್ಯಾಟ್‌ನ ಲಿಬ್ ಫೋಲ್ಡರಿಗೇ ಹೋಗಬೇಕು, ವಾರ್ ಒಳಗಿದ್ದರೆ ಸಾಲದು.

ಬೆಳಗಿನ ಎರರ್ ಅಂದೇ ನಿಂತಿತು. ಈಗ ಕನೆಕ್ಷನ್ ಕೊಡುವುದು ಟಾಮ್‌ಕ್ಯಾಟ್‌ನ ಪೂಲ್, ಅಂದರೆ ತೆರೆದಿಟ್ಟ ಕನೆಕ್ಷನ್‌ಗಳ ಗುಂಪು. ಟಾಮ್‌ಕ್ಯಾಟ್ 8ರಿಂದ ಈಚೆಗಿನ ಪೂಲ್ (ಡಿಬಿಸಿಪಿ 2), ಕನೆಕ್ಷನ್ ಕೊಡುವ ಮುಂಚೆ ಅದು ಬದುಕಿದೆಯಾ ಅಂತ ತಾನೇ ನೋಡುತ್ತದೆ. ಆದರೆ ಹೊಸ ಕಾಟ ಶುರುವಾಯಿತು. ಮ್ಯಾಕ್ಸ್‌ಟೋಟಲ್ (ಒಂದು ಪೂಲಿನ ಗರಿಷ್ಠ ಕನೆಕ್ಷನ್) ಹೇಳದಿದ್ದರೆ ಪೂಲಿಗೆ 8 ಕನೆಕ್ಷನ್. 30 ಪೂಲಿಗೆ 240. ಮೈಎಸ್‌ಕ್ಯೂಎಲ್ ಬಿಡುವುದು 151. ಆರೂವರೆ ರಶ್‌ನಲ್ಲಿ ಅರ್ಧ ಸೊಸೈಟಿ ಹೊರಗೆ! ನೆಟ್‌ನಲ್ಲಿ ಸಿಗುವ ಹಳೇ ಉದಾಹರಣೆಗಳಲ್ಲಿ ಮ್ಯಾಕ್ಸ್‌ಆ್ಯಕ್ಟಿವ್ ಅಂತಿರುತ್ತದೆ. ಈಗಿನ ಪೂಲ್ ಅದನ್ನು ಲೆಕ್ಕಕ್ಕೇ ತಗೊಳ್ಳಲ್ಲ, ಲಾಗ್‌ನಲ್ಲಿ ಒಂದು ವಾರ್ನಿಂಗ್ ಸಾಲು ಹಾಕಿ ಮುಂದೆ ಹೋಗುತ್ತದೆ. ಕೊನೆಗೆ ಮ್ಯಾಕ್ಸ್‌ಟೋಟಲ್ 4, ಮ್ಯಾಕ್ಸ್‌ಐಡಲ್ (ಸುಮ್ಮನೆ ತೆರೆದಿಟ್ಟಿರುವುದು) 1, ಕನೆಕ್ಷನ್‌ಗೆ ಕಾಯುವುದು 5 ಸೆಕೆಂಡು ಅಂತ ನಿಲ್ಲಿಸಿದೆ.

ನಾಲ್ಕೇ ಆದಾಗ ಕ್ಲೋಸ್ ಮಾಡದ ಕನೆಕ್ಷನ್‌ಗಳು ಬಯಲಿಗೆ ಬಂದವು. ವಾಪಸ್ ಬಾರದ ಕನೆಕ್ಷನ್ ಕಿತ್ತುಕೊಳ್ಳುವ ಸೆಟ್ಟಿಂಗ್ ಜೊತೆ ಲಾಗ್‌ಅಬ್ಯಾಂಡನ್ಡ್ ಆನ್ ಮಾಡಿದರೆ ಕನೆಕ್ಷನ್ ಪಡೆದ ಕೋಡಿನ ಸಾಲನ್ನೇ ತೋರಿಸುತ್ತದೆ. ನಮ್ಮಲ್ಲಿ ಜಾಸ್ತಿ ಸೋರುತ್ತಿದ್ದದ್ದು ಬಟವಾಡೆ ರಿಪೋರ್ಟ್. ಕಿತ್ತುಕೊಳ್ಳುವ ಅವಧಿ ಮೊದಲು 60 ಸೆಕೆಂಡು ಇಟ್ಟಿದ್ದೆ. ವಾರ್ಷಿಕ ರಿಪೋರ್ಟ್ ಅರ್ಧಕ್ಕೇ ನಿಂತಿತು, 300ಕ್ಕೆ ಏರಿಸಿದೆ.

ಇನ್ನೊಂದು ವಿಷಯ. ರೈತರ ಹೆಸರು ಕನ್ನಡದಲ್ಲಿ ಹಾಕಿದರೆ ಪ್ರಶ್ನೆಚಿಹ್ನೆ ಬರುತ್ತಿತ್ತು. ಯೂಆರ್‌ಎಲ್‌ಗೆ ಕ್ಯಾರೆಕ್ಟರ್ ಎನ್‌ಕೋಡಿಂಗ್ ಸೇರಿಸಿದೆ, ಸರಿಹೋಯಿತು. ಅಲ್ಲಿ ಎರಡು ಪ್ಯಾರಾಮೀಟರ್ ನಡುವಿನ ಆ್ಯಂಪರ್‌ಸ್ಯಾಂಡನ್ನು & ಅಂತ ಬರೆಯದೆ ಸುಮ್ನೆ & ಅಂತ ಬಿಟ್ಟರೆ ಎಕ್ಸ್‌ಎಂಎಲ್ ಓದುವುದೇ ಇಲ್ಲ, ಆ ಸೊಸೈಟಿ ಏಳುವುದೇ ಇಲ್ಲ.

ಟಾಮ್‌ಕ್ಯಾಟ್ ಜೊತೆ ಬರುವ ಇನ್ನೊಂದು ಪೂಲ್, ಜೆಡಿಬಿಸಿ ಪೂಲನ್ನೂ ಎರಡು ಮೂರು ಸೊಸೈಟಿಗೆ ಹಾಕಿ ನೋಡಿದೆ. ಅದರಲ್ಲಿ ಮತ್ತೆ ಮ್ಯಾಕ್ಸ್‌ಆ್ಯಕ್ಟಿವ್ ಅಂತಲೇ ಬರೆಯಬೇಕು, ಹೇಳದಿದ್ದರೆ 100. ನಮ್ಮ ಲೋಡಿಗೆ ಏನೂ ವ್ಯತ್ಯಾಸ ಕಾಣಲಿಲ್ಲ, ಬಿಟ್ಟೆ.

ಪಾಸ್‌ವರ್ಡ್ ಎಕ್ಸ್‌ಎಂಎಲ್‌ನಲ್ಲಿ ನೇರವಾಗಿ ಕಾಣದ ಹಾಗೆ ನನ್ನದೇ ಒಂದು ಫ್ಯಾಕ್ಟರಿ (ಪೂಲನ್ನು ತಯಾರಿಸುವ ಕೋಡು) ಬರೆದಿದ್ದೇನೆ. ಅದು ಹೇಗೆ ಅಂತ ಇಲ್ಲಿ ಬಿಚ್ಚಿಡುವುದಿಲ್ಲ.

ಹೊಸ ಸೊಸೈಟಿ ಸೇರಿಸಲು ಈಗ ಹತ್ತು ನಿಮಿಷ ಸಾಕು. ಪೂಲಿಗೆ 4ರಂತೆ 37 ಸೊಸೈಟಿ ತನಕ ಈ ಲೆಕ್ಕ ನಡೆಯುತ್ತದೆ. 38 ಆದರೆ 152, ಆಗ ಮೈಎಸ್‌ಕ್ಯೂಎಲ್‌ನ ಮಿತಿಯನ್ನೇ ಏರಿಸಬೇಕು.