‘ರಸೀದಿ ಮೊಬೈಲಿಗೆ ಬರಬೇಕು’ ಎಂಬುದು ಟಿಕೆಟ್ ಅಲ್ಲ

ಕಾಸರಗೋಡಿನ ಬದಿಯಡ್ಕದ ಕಡೆಯ ಅಡಿಕೆ ವ್ಯಾಪಾರಿಯೊಬ್ಬರಿಗೆ ಆ್ಯಪ್ ಮಾಡುವಾಗ ಈ ಒಂದೇ ಸಾಲನ್ನು ಟಿಕೆಟ್ (ಆ್ಯಪ್ ಕಟ್ಟುವವರಿಗೆ ಬರೆದುಕೊಡುವ ಕೆಲಸದ ಚೀಟಿ) ಮಾಡಿ ಕೈತೊಳೆದುಕೊಂಡಿದ್ದೆ. ವಾರವಿಡೀ ವ್ಯರ್ಥ. ಕನ್ನಡದಲ್ಲೋ ಮಲಯಾಳದಲ್ಲೋ? ತೂಕ ತಿದ್ದಿದರೆ ಹಳೆಯ ರಸೀದಿ ಏನಾಗಬೇಕು? ಮಳೆಗೆ ನೆಟ್‌ವರ್ಕ್ ಹೋದರೆ? ಒಂದನ್ನೂ ಕೇಳಿರಲಿಲ್ಲ.

ಈಗ ಪ್ರತಿ ಟಿಕೆಟ್‌ನಲ್ಲಿ ಯಾರಿಗೆ, ಏನು, ಏಕೆ ಎಂದು ಬರೆದು, ಕೆಳಗೆ ಪರೀಕ್ಷಿಸಬಹುದಾದ ಷರತ್ತು ಸೇರಿಸುತ್ತೇನೆ: “ನೆಟ್‌ವರ್ಕ್ ಇಲ್ಲದಾಗ ತೂಕ ದಾಖಲಿಸಿದರೆ, ಸಂಪರ್ಕ ಮರಳಿದೊಡನೆ ರಸೀದಿ ಒಂದೇ ಬಾರಿ ಹೋಗಬೇಕು.” ಆ ‘ಒಂದೇ ಬಾರಿ’ ಬಿಟ್ಟುಹೋದರೆ ಕೃಷಿಕರಿಗೆ ಮೂರು ಮೂರು ರಸೀದಿ ತಲುಪುತ್ತದೆ, ಬೈಗುಳ ತಿಂದವನ ಮಾತು ಇದು.

ಪರದೆಗೊಂದು, ಸರ್ವರ್‌ಗೊಂದು, ಡೇಟಾಬೇಸಿಗೊಂದು ಎಂದು ಟಿಕೆಟ್ ಸೀಳಬೇಡಿ. ಕನ್ನಡ ರಸೀದಿ ಮೊದಲಿನಿಂದ ಕೊನೆಯವರೆಗೆ ಒಂದು, ಮಲಯಾಳದ್ದು ಇನ್ನೊಂದು. ಒಂದರ ಕೆಲಸ ಮೂರು ದಿನ ಮೀರುವಂತೆ ಕಂಡರೆ ಮತ್ತೆ ಒಡೆಯಿರಿ.