ಸೈಟ್ ಸರಿಮಾಡಿದರೂ ಬ್ರೌಸರ್ ಹಳೇ ಪುಟಕ್ಕೇ ಹೋಗುತ್ತಿದೆಯೇ?

ಸೈಟ್‌ನ ಸೆಟ್ಟಿಂಗ್ ತಿದ್ದಿ ಆಯಿತು. ಬೇರೆಯವರ ಫೋನ್‌ನಲ್ಲಿ ಪುಟ ಸರಿಯಾಗಿ ತೆರೆಯುತ್ತಿದೆ. ನಿಮ್ಮ ಕಂಪ್ಯೂಟರ್ ಮಾತ್ರ ಹಳೇ ಜಾಗಕ್ಕೇ ಕರೆದೊಯ್ಯುತ್ತದೆ. ಆಫ್ ಮಾಡಿ ಆನ್ ಮಾಡಿದರೂ ಅದೇ ಕಥೆ. ಇಂಥ ಹೊತ್ತಲ್ಲಿ ತಿದ್ದಿದ್ದೇ ತಪ್ಪಾಯಿತೇನೋ ಎಂದು ಅನುಮಾನ ಬರುತ್ತದೆ, ಅಲ್ವಾ? ಸರಿಯಾಗಿದ್ದ ಸೆಟ್ಟಿಂಗನ್ನು ಮತ್ತೆ ಕೆದಕಿ ಕೆಡಿಸಿಕೊಳ್ಳುವುದು ಆಗಲೇ. ದಯವಿಟ್ಟು ಸ್ವಲ್ಪ ತಡೆಯಿರಿ.

ಒಂದು ವಿಳಾಸಕ್ಕೆ ಬಂದವರನ್ನು ಇನ್ನೊಂದಕ್ಕೆ ಕಳಿಸುವುದೇ ರೀಡೈರೆಕ್ಟ್. ಸೈಟ್ ಇರುವ ಕಂಪ್ಯೂಟರ್, ಅಂದರೆ ಸರ್ವರ್, ಇದನ್ನು ಒಂದು ಸಂಖ್ಯೆಯ ಮೂಲಕ ಹೇಳುತ್ತದೆ. 302 ಅಥವಾ 307 ಎಂದರೆ ‘ಸದ್ಯಕ್ಕೆ ಅಲ್ಲಿಗೆ ಹೋಗು’. 301 ಅಥವಾ 308 ಎಂದರೆ ‘ಇನ್ನು ಮೇಲೆ ಯಾವಾಗಲೂ ಅಲ್ಲಿಗೇ ಹೋಗು’. ಈ ಎರಡನೇ ಮಾತನ್ನು ಬ್ರೌಸರ್ ತನ್ನ ಕ್ಯಾಶ್‌ನಲ್ಲಿ, ಅಂದರೆ ಒಮ್ಮೆ ಪಡೆದದ್ದನ್ನು ಉಳಿಸಿಟ್ಟುಕೊಳ್ಳುವ ಜಾಗದಲ್ಲಿ, ಬರೆದಿಟ್ಟುಕೊಳ್ಳುತ್ತದೆ. ಮುಂದಿನ ಸಲ ಸರ್ವರನ್ನು ಕೇಳುವುದೇ ಇಲ್ಲ. ಎಷ್ಟು ದಿನ ಇಟ್ಟುಕೊಳ್ಳಬೇಕೆಂದು ಸರ್ವರ್ ಹೇಳದಿದ್ದರೆ ಅದು ತಿಂಗಳುಗಟ್ಟಲೆ ಉಳಿಯಬಹುದು.

ರಿಫ್ರೆಶ್ ಒತ್ತಿದರೆ ಯಾಕೆ ಸರಿಹೋಗುವುದಿಲ್ಲ? ನೀವು ರಿಫ್ರೆಶ್ ಒತ್ತುವ ಹೊತ್ತಿಗೆ ಬ್ರೌಸರ್ ಆಗಲೇ ಬೇರೆ ಪುಟಕ್ಕೆ ಹೋಗಿ ಆಗಿರುತ್ತದೆ. ಮೇಲಿನ ವಿಳಾಸ ಪಟ್ಟಿ ನೋಡಿ, ಅಲ್ಲಿರುವುದು ನೀವು ಟೈಪ್ ಮಾಡಿದ ವಿಳಾಸವಲ್ಲ. ಕಂಟ್ರೋಲ್ ಮತ್ತು ಎಫ್5 ಒತ್ತಿದರೂ ಹೊಸದಾಗಿ ಬರುವುದು ಆ ತಪ್ಪು ಪುಟವೇ.

ಮೊದಲು ಪತ್ತೆಹಚ್ಚಿ

ತೊಂದರೆ ಬ್ರೌಸರ್‌ನದೋ ಸರ್ವರ್‌ನದೋ ಎಂದು ತಿಳಿಯದೆ ಸುಮ್ನೆ ಏನನ್ನೂ ಅಳಿಸಬೇಡಿ. ಇನ್‌ಕಾಗ್ನಿಟೋ ಕಿಟಕಿಗಳಿದ್ದರೆ ಎಲ್ಲವನ್ನೂ ಮುಚ್ಚಿ, ಹೊಸದೊಂದನ್ನು ತೆರೆದು ವಿಳಾಸ ಟೈಪ್ ಮಾಡಿ. ಅಲ್ಲಿ ಸರಿಯಾಗಿ ತೆರೆದರೆ ತೊಂದರೆ ಹೆಚ್ಚಾಗಿ ನಿಮ್ಮ ಕ್ಯಾಶ್‌ನದು. ಇನ್ನೂ ಸುಲಭದ ದಾರಿ, ವಿಳಾಸದ ಕೊನೆಗೆ ?1 ಎಂದು ಸೇರಿಸುವುದು. ಬ್ರೌಸರ್‌ಗೆ ಇದು ಬೇರೆಯದೇ ವಿಳಾಸ. ಹಾಗಾಗಿ ಸರ್ವರನ್ನು ಕೇಳಲೇಬೇಕಾಗುತ್ತದೆ.

ಕೆಲವೊಮ್ಮೆ ರೀಡೈರೆಕ್ಟ್ ಇರುವುದೇ ಇಲ್ಲ. ಎರಡು ಅಕ್ಷರ ಟೈಪ್ ಮಾಡುವಷ್ಟರಲ್ಲಿ ವಿಳಾಸ ಪಟ್ಟಿಯೇ ಹಳೇ ವಿಳಾಸವನ್ನು ತುಂಬಿಬಿಡುತ್ತದೆ. ಕ್ರೋಮ್‌ನಲ್ಲಿ ಬಾಣದ ಕೀಲಿಯಿಂದ ಆ ಸಲಹೆಗೆ ಹೋಗಿ ಶಿಫ್ಟ್ ಮತ್ತು ಡಿಲೀಟ್ ಒತ್ತಿದರೆ ಅದು ಹೋಗುತ್ತದೆ.

ಈಗ ಸರಿಪಡಿಸಿ

ಕ್ರೋಮ್, ಎಡ್ಜ್ ಅಥವಾ ಫೈರ್‌ಫಾಕ್ಸ್‌ನಲ್ಲಿ ಖಾಲಿ ಟ್ಯಾಬ್ ತೆರೆದು ಎಫ್12 ಒತ್ತಿ. ‘ನೆಟ್‌ವರ್ಕ್’ ಟ್ಯಾಬ್‌ಗೆ ಹೋಗಿ ‘ಡಿಸೇಬಲ್ ಕ್ಯಾಶ್’ ಗುರುತು ಹಾಕಿ. ಆ ಫಲಕವನ್ನು ಮುಚ್ಚಬೇಡಿ, ಮುಚ್ಚಿದರೆ ಗುರುತು ಕೆಲಸ ಮಾಡುವುದಿಲ್ಲ. ಈಗ ಮೂಲ ವಿಳಾಸವನ್ನು ಪೂರ್ತಿ ಟೈಪ್ ಮಾಡಿ ಎಂಟರ್ ಒತ್ತಿ. ಆ ಫಲಕದಲ್ಲಿ ಮೂಡುವ ಪಟ್ಟಿಯ ಮೊದಲ ಸಾಲಿನಲ್ಲಿ 200, ಅಂದರೆ ‘ಪುಟ ಇಲ್ಲೇ ಇದೆ’ ಎಂದು ಕಂಡರೆ ಸರ್ವರ್ ಸರಿಯಾಗಿದೆ. 301 ಕಂಡರೆ ಹಳೇ ನಿಯಮ ಸರ್ವರ್‌ನಲ್ಲೇ ಇನ್ನೂ ಉಳಿದಿದೆ, ಅಲ್ಲೇ ತಿದ್ದಬೇಕು. ಎಷ್ಟೋ ಸಲ ಇಷ್ಟು ಮಾಡಿದರೇ ಸಾಕು, ಮುಂದೆ ಸರಿಯಾಗಿ ತೆರೆಯುತ್ತದೆ.

ಫಲಕ ಮುಚ್ಚಿದ ಮೇಲೆ ಮತ್ತೆ ಹಳೇ ಪುಟ ಬಂದರೆ ಕ್ಯಾಶ್ ಅಳಿಸಿ. ಕಂಟ್ರೋಲ್, ಶಿಫ್ಟ್, ಡಿಲೀಟ್ ಮೂರನ್ನೂ ಒಟ್ಟಿಗೆ ಒತ್ತಿ. ಸಮಯದ ಜಾಗದಲ್ಲಿ ‘ಆಲ್ ಟೈಮ್’ ಆರಿಸಿ. ಕಳೆದ ಒಂದು ಗಂಟೆಯದನ್ನು ಮಾತ್ರ ಅಳಿಸಿದರೆ ಹಳೆಯದು ಅಲ್ಲೇ ಉಳಿಯಬಹುದು. ಗುರುತು ಹಾಕಬೇಕಾದ್ದು ‘ಕ್ಯಾಶ್ಡ್ ಇಮೇಜಸ್ ಆಂಡ್ ಫೈಲ್ಸ್’ಗೆ ಮಾತ್ರ. ಕುಕೀಸ್ ಮುಟ್ಟಬೇಡಿ, ಅವನ್ನೂ ಅಳಿಸಿದರೆ ಎಲ್ಲಾ ಕಡೆ ಮತ್ತೆ ಲಾಗಿನ್ ಆಗಬೇಕಾಗುತ್ತದೆ. ಸಫಾರಿಯಲ್ಲಾದರೆ ‘ಡೆವಲಪ್’ ಮೆನುವಿನಲ್ಲಿ ‘ಎಂಪ್ಟಿ ಕ್ಯಾಶಸ್’ ಇದೆ.

ಕ್ಯಾಶ್ ಅಳಿಸಿದರೂ ಹೋಗದ ಒಂದು ಬಗೆ ಇದೆ. ಎಚ್‌ಟಿಟಿಪಿ ಎಂದು ಟೈಪ್ ಮಾಡಿದರೂ ಎಚ್‌ಟಿಟಿಪಿಎಸ್‌ಗೇ ಹೋಗುತ್ತದೆ, ಕ್ರೋಮ್‌ನ ‘ನೆಟ್‌ವರ್ಕ್’ ಪಟ್ಟಿಯಲ್ಲಿ 307 ಇಂಟರ್ನಲ್ ರೀಡೈರೆಕ್ಟ್ ಎಂದು ಕಾಣುತ್ತದೆ. ಇದು ಸುರಕ್ಷಿತ ಎಚ್‌ಟಿಟಿಪಿಎಸ್ ಮೂಲಕವೇ ಬಾ ಎನ್ನುವ ಎಚ್‌ಎಸ್‌ಟಿಎಸ್ ಎಂಬ ಸುರಕ್ಷತಾ ನಿಯಮ. ಬೇರೆಯವರ ಸೈಟ್ ಆಗಿದ್ದರೆ ಹಾಗೇ ಬಿಡಿ, ಅದು ಇರುವುದು ನಿಮ್ಮ ಒಳ್ಳೆಯದಕ್ಕೇ. ನಿಮ್ಮದೇ ಪರೀಕ್ಷಾ ಸೈಟ್ ಆದರೆ ಕ್ರೋಮ್‌ನ ನೆಟ್-ಇಂಟರ್ನಲ್ಸ್ ಪುಟದ ಎಚ್‌ಎಸ್‌ಟಿಎಸ್ ವಿಭಾಗದಲ್ಲಿ ಆ ಡೊಮೈನ್ ಹೆಸರು ಕೊಟ್ಟು ಅಳಿಸಬಹುದು.

ಸೈಟ್ ನಿಮ್ಮದೇ ಆದರೆ

ನಿಮ್ಮ ಬ್ರೌಸರ್ ಸರಿಹೋಯಿತು, ಸರಿ. ಆದರೆ ಹಳೇ 301 ಇದ್ದಾಗ ಬಂದು ಹೋದವರ ಬ್ರೌಸರ್‌ಗಳಲ್ಲೂ ಅದು ಕೂತಿದೆ. ಅವರಿಗೆಲ್ಲ ಕ್ಯಾಶ್ ಅಳಿಸಿ ಎಂದು ಹೇಳುವುದು ಆಗದ ಮಾತು. ಅವರು ಹೋಗಿ ತಲುಪುವ ತಪ್ಪು ವಿಳಾಸ ನಿಮ್ಮ ಕೈಯಲ್ಲಿದ್ದರೆ, ಅಲ್ಲಿಂದ ಸರಿಯಾದ ಪುಟಕ್ಕೆ 302 ಹಾಕಿ. ಅಲ್ಲಿಂದ ವಾಪಸ್ ಮೂಲ ವಿಳಾಸಕ್ಕೇ ಮಾತ್ರ ಕಳಿಸಬೇಡಿ. ಬ್ರೌಸರ್ ಎರಡರ ನಡುವೆ ಸುತ್ತಿ ಸುತ್ತಿ, ಸುಮಾರು 20 ಸುತ್ತಾದ ಮೇಲೆ ‘ಟೂ ಮೆನಿ ರೀಡೈರೆಕ್ಟ್ಸ್’ ಎಂದು ನಿಂತುಬಿಡಬಹುದು.

ಇನ್ನು ಮುಂದೆ ಹೊಸ ರೀಡೈರೆಕ್ಟ್ ಹಾಕುವಾಗ ಮೊದಲು 302 ಹಾಕಿ ನೋಡಿ. ಎಲ್ಲ ಸರಿಯಾಗಿದೆ ಎಂದು ಗೊತ್ತಾದ ಮೇಲೆ 301 ಮಾಡಿ. ಆಗಲೂ ಎಷ್ಟು ಹೊತ್ತು ನೆನಪಿಡಬೇಕೆಂದು ಸರ್ವರ್ ಉತ್ತರದ ಜೊತೆ ಹೇಳುವ ಕ್ಯಾಶ್-ಕಂಟ್ರೋಲ್ ಹೆಡರ್‌ನಲ್ಲಿ ಮ್ಯಾಕ್ಸ್-ಏಜ್ 3600 ಎಂದು ಕೊಡಿ. ಆ ಲೆಕ್ಕ ಸೆಕೆಂಡುಗಳಲ್ಲಿ, ಅಂದರೆ ಒಂದು ಗಂಟೆ. ಏನಾದರೂ ತಪ್ಪಿದ್ದರೆ, ನೀವು ತಿದ್ದಿದ ಒಂದು ಗಂಟೆಯೊಳಗೆ ಎಲ್ಲರ ಬ್ರೌಸರ್‌ಗಳೂ ಸರ್ವರನ್ನು ಮತ್ತೆ ಕೇಳುತ್ತವೆ.